ಪ್ಲಗ್ಗಿನ ತುದಿ ನೋಡುತ್ತಿದ್ದ ಅಕ್ಕ

ಈಗಲೂ ಸ್ಪಾರ್ಕ್ ಪ್ಲಗ್ ಬಿಚ್ಚಿದರೆ ಬೆಳಕಿಗೆ ಹಿಡಿದು ನೋಡುತ್ತೇನೆ. ಅದನ್ನು ಕಲಿಸಿದವರು ದಾವಣಗೆರೆಯ ಕೆ.ಬಿ. ಬಡಾವಣೆಯಲ್ಲಿ ಕಾರಿನ ಬಿಡಿಭಾಗಗಳ ಅಂಗಡಿ ನಡೆಸುತ್ತಿದ್ದ ಅಕ್ಕ. ಪ್ಲಗ್ ಕೇಳಿದವರಿಗೆಲ್ಲ ಅವರದು ಒಂದೇ ಮಾತು: "ಮೊದ್ಲು ಹಳೇದು ತೋರ್ಸು ತಮ್ಮಾ." ತೋರಿಸದವರಿಗೆ ಮಾಲಿಲ್ಲ.

ಆಗ ನಾನು ಹಳೆಯ ಕಾರೊಂದರ ಎಂಜಿನ್ನನ್ನು ರೇಸಿಗೆ ತಕ್ಕಂತೆ ಮಾಡಿಸಿದ್ದೆ. ಜೋರಾಗಿ ಓಡಿಸಿದರೆ ಅದು ಕಾದು ಒಳಗೆ ಟಕಟಕ ಬಡಿದುಕೊಳ್ಳುತ್ತಿತ್ತು. ಅಂಗಡಿಯಲ್ಲಿದ್ದ ಅತಿ ದುಬಾರಿ ಪ್ಲಗ್ಗನ್ನೇ ಕೇಳಿದೆ. ಅಕ್ಕ ನನ್ನ ಹಳೆಯ ಪ್ಲಗ್ಗನ್ನು ಬಾಗಿಲ ಬಿಸಿಲಿಗೆ ಹಿಡಿದು, ಕನ್ನಡಕ ಹಣೆಗೇರಿಸಿ ನೋಡಿದರು. ತುದಿ ಸುಣ್ಣದಂತೆ ಬೆಳ್ಳಗಾಗಿತ್ತು.

"ಇದು ಭಾಳ ಕಾಯ್ತಾ ಐತೆ. ದುಬಾರಿದು ಬ್ಯಾಡ. ಬಿಸಿ ಬೇಗ ಬಿಟ್ಕೊಡೋದು ಬೇಕು," ಎಂದು ಸಾದಾ ಕಾಣುವ ನಾಲ್ಕು ಪ್ಲಗ್ ಕೊಟ್ಟರು.

"ರೇಸಿಗೆ ಇದು ಸಾಕಾಗುತ್ತೇನ್ರಿ ಅಕ್ಕಾ?"

"ಓಡ್ಸಿ ನೋಡು. ಆಗ್ಲಿಲ್ಲ ಅಂದ್ರೆ ವಾಪಸ್ ತಗೊಂಬಾ."

ಮರುದಿನ ಕಾರು ಒಂದು ಬಡಿತವೂ ಇಲ್ಲದೆ ಹರಿಹರಕ್ಕೆ ಹೋಗಿ ಬಂತು. ಖುಷಿಯಲ್ಲಿ ನೇರ ಅಂಗಡಿಗೇ ಬಂದು, "ಬರ್ರಿ ಅಕ್ಕಾ, ಒಂದು ರೌಂಡ್ ಹೋಗಿ ಬರೋಣ," ಎಂದೆ. ಇಷ್ಟು ವರ್ಷ ಇಂಥ ಗಾಡಿಗಳಿಗೆ ಪ್ಲಗ್ ಆರಿಸಿಕೊಟ್ಟರೂ ತಾವು ಒಂದರಲ್ಲೂ ಕೂತಿಲ್ಲವೆಂದರು. ಪಕ್ಕದಂಗಡಿಯವರಿಗೆ ನೋಡಿಕೊಳ್ಳಲು ಹೇಳಿ, ಸೆರಗು ಬಿಗಿದು ಹತ್ತಿದರು.

ಊರು ದಾಟಿ ವೇಗ ಏರಿದಾಗ ಅಕ್ಕ ಕಣ್ಣು ಮುಚ್ಚಿಕೊಂಡರು. ಹೆದರಿದರೆಂದು ನಾನು ವೇಗ ತಗ್ಗಿಸಿದೆ. ಆದರೆ ಅವರು ಎಂಜಿನ್ನಿನ ಸದ್ದು ಕೇಳುತ್ತಿದ್ದರು. ಕಣ್ಣು ತೆರೆಯದೆಯೇ ಹೇಳಿದರು: "ಯಾಕ ತಮ್ಮಾ ನಿಧಾನ ಮಾಡ್ದೆ? ಇನ್ನೂ ಒತ್ತು."