ಬಣ್ಣ ಎಲ್ಲಿಗೆ ಹೋಯ್ತು

ಆಗ ನನಗೆ ಹದಿಮೂರು. ಈಗ ಅದಾಗಿ ಅರವತ್ತು ವರ್ಷ ದಾಟಿತು. ಮೇಷ್ಟ್ರ ಮುಖ ಸರಿಯಾಗಿ ನೆನಪಿಲ್ಲ, ಬೆರಳು ನೆನಪಿವೆ. ಬಲಗೈಯ ಬೆರಳುಗಳು ತುದಿಯಿಂದ ಗೆಣ್ಣಿನವರೆಗೆ ಕಂದು, ಉಗುರುಗಳು ಹುರಿದ ಹುಣಿಸೆ ಬೀಜದ ಹಾಗೆ. ಮೊಳಕಾಲ್ಮೂರಿನ ನಮ್ಮ ಬೀದಿಯಲ್ಲಿ ಕೈಗೆ ಬಣ್ಣ ಹತ್ತದವರು ಕಡಿಮೆ. ಅಪ್ಪ ಸೀರೆ ನೇಯುವವರಿಗೆ ರೇಷ್ಮೆ ಬಣ್ಣ ಮಾಡಿಕೊಡುತ್ತಿದ್ದ, ಅವನ ಕೈ ಮೊಣಕೈವರೆಗೂ ಕೆಂಪು. ಆದರೆ ಅಂಥ ಕಂದು ಅಪ್ಪನೂ ಕಂಡಿರಲಿಲ್ಲ.

"ಯಾವ ಬಣ್ಣ ಮೇಷ್ಟ್ರೇ ಇದು?" ಅಂತ ಕೇಳಿದ.

"ಬಣ್ಣ ಅಲ್ಲ, ನೀರು ಶುದ್ಧ ಮಾಡೋ ಪುಡಿ. ಮುಟ್ಟಿದಾಗ ನೇರಳೆ, ಚರ್ಮದ ಮೇಲೆ ಕೂತು ಕಂದಾಗುತ್ತೆ. ನಿಂಬೆಹಣ್ಣು ಉಜ್ಜಿದರೆ ಹೋಗುತ್ತೆ."

"ಮತ್ತೆ ಉಜ್ಜಿಕಳ್ರಿ."

"ನಾಳೆ ಮತ್ತೆ ಆಗುತ್ತಲ್ಲ."

ಮೇಷ್ಟ್ರು ಮೈಸೂರು ಕಡೆಯವರು. ಊರಿನ ಶಾಲೆಯಲ್ಲಿ ದೊಡ್ಡ ಹುಡುಗರಿಗೆ ರಸಾಯನದ ಪಾಠ ಹೇಳಲು ಬಂದಿದ್ದರು. ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ಒಬ್ಬರೇ ಇದ್ದರು. ಅಡಿಗೆ ಬರುತ್ತಿರಲಿಲ್ಲ, ಅನ್ನ ಇಟ್ಟರೆ ಗಂಜಿಯಾಗುತ್ತಿತ್ತು. ನಶ್ಯ ಏರಿಸಿ ಏರಿಸಿ ಪಂಚೆಯ ಅಂಚೆಲ್ಲ ಕೊಳೆ. ಸಿಟ್ಟು ಮೂಗಿನ ತುದಿಯಲ್ಲೇ. ಸಿಟ್ಟು ಬಂದಾಗ ಪುಸ್ತಕದ ಮಾತು ಬರುತ್ತಿತ್ತು, ಆಗ ಎದುರಿಗಿದ್ದವರಿಗೆ ಒಂದೂ ತಿಳಿಯುತ್ತಿರಲಿಲ್ಲ. ಇವೆಲ್ಲ ಅವರ ಕೆಟ್ಟ ಗುಣ. ಸತ್ತವರು ಅಂತ ಬಿಟ್ಟು ಹೇಳಲು ನನಗೆ ಬರುವುದಿಲ್ಲ.

ಇನ್ನೊಂದಿತ್ತು. ಯಾರ ಮನೆಯಲ್ಲೂ ಒಂದು ಗುಟುಕು ನೀರು ಕುಡಿಯುತ್ತಿರಲಿಲ್ಲ. ಕೋಣೆಯಲ್ಲಿ ಅವರದೇ ಗಡಿಗೆ. ದಿನಾ ಅದಕ್ಕೆ ಆ ಪುಡಿಯನ್ನು ಚಿಟಿಕೆ ಹಾಕಿ, ಬೆಳಗಿನವರೆಗೆ ಬಿಟ್ಟು, ಬಗ್ಗಿ ನೋಡಿ ಆಮೇಲೆ ಕುಡಿಯುತ್ತಿದ್ದರು. "ದೊಡ್ಡ ಮಡಿ. ನಮ್ ನೀರು ಆಗಂಗಿಲ್ಲ ಇವರಿಗೆ" ಅಂತ ಬೀದಿಯವರು ಆಡಿಕೊಂಡರು. ಅವ್ವ ಒಮ್ಮೆ, "ಹೆಂಡ್ತೀನ ಯಾಕೆ ಕರ್ಕಂಡು ಬರ್ಲಿಲ್ರೀ?" ಅಂತ ಕೇಳಿದಳು. "ವಾಂತಿಭೇದಿ" ಅಂದರು. ಅಷ್ಟೇ. ಅವ್ವ ಅಂದಿನಿಂದ ನೀರಿನ ಮಾತು ಎತ್ತಲಿಲ್ಲ.

ಶಾಲೆಯಲ್ಲಿ ರಸಾಯನ ಕಲಿಸಲು ಏನೂ ಇರಲಿಲ್ಲವಂತೆ. ಒಂದು ಬೀರು, ಅದರೊಳಗೆ ಒಡೆದ ಗಾಜಿನ ಕೊಳವೆ. ನಮ್ಮ ಹಿತ್ತಲಲ್ಲಿ ಎಲ್ಲ ಇತ್ತು. ಪಟಿಕ, ಸುಣ್ಣ, ಹುಣಿಸೆ, ಬಟ್ಟೆ ಒಗೆಯುವ ಸವುಳು ಮಣ್ಣು, ಅರಗು, ಹಗಲೆಲ್ಲ ಉರಿಯುವ ಒಲೆ. ಹುಡುಗರನ್ನು ಸಾಲಾಗಿ ಅಲ್ಲಿಗೇ ಕರೆತರುತ್ತಿದ್ದರು. "ಸಾಲೇನೇ ನಮ್ ಹಿತ್ತಲಿಗೆ ಬಂತಲ್ಲಪ್ಪ" ಅಂತ ಅವ್ವ ಗೊಣಗುತ್ತ ಜಾಗ ಬಿಡುತ್ತಿದ್ದಳು. ಪಟಿಕ ತೆಗೆದುಕೊಂಡರೆ ವಾಪಸು ಕೊಡುವ ಪದ್ಧತಿ ಮೇಷ್ಟ್ರಿಗೆ ಇರಲಿಲ್ಲ.

ಒಂದು ಹಿಡಿ ಉಪ್ಪನ್ನು ನೀರಿಗೆ ಹಾಕಿ ಕಲಕಿ ಕೇಳುತ್ತಿದ್ದರು, "ಎಲ್ಲಿಗೆ ಹೋಯ್ತು?"

"ಕರಗೋಯ್ತು ಸಾ."

"ಕರಗೋಯ್ತು ಅಂದ್ರೆ ಸತ್ತೋಯ್ತೇನೋ?"

ಆ ನೀರನ್ನು ತಟ್ಟೆಗೆ ಸುರಿದು ಬಿಸಿಲಿಗಿಟ್ಟರೆ ಮರುದಿನ ತಟ್ಟೆಯಲ್ಲಿ ಉಪ್ಪು. "ಕಾಣಲಿಲ್ಲ ಅಂದ್ರೆ ಇಲ್ಲ ಅಂತಲ್ಲ. ಎಲ್ಲಿಗೆ ಹೋಯ್ತು ಅಂತ ಕೇಳಬೇಕು." ಈ ಮಾತು ಬೀದಿಗೆಲ್ಲ ಹಬ್ಬಿತು. ಯಾರ ಗಂಡ ಮಧ್ಯಾಹ್ನ ಮಗ್ಗ ಬಿಟ್ಟು ಕಾಣೆಯಾದರೂ ಹೆಂಗಸರು, "ಎಲ್ಲಿಗೆ ಹೋಯ್ತು ಅಂತ ಕೇಳ್ಬೇಕವ್ವಾ" ಅಂತ ನಗುತ್ತಿದ್ದರು.

ನಾನು ಗೋಡೆಯ ಮರೆಯಲ್ಲಿ ಪಟಿಕ ಕುಟ್ಟುತ್ತ ಇದನ್ನೆಲ್ಲ ಕೇಳುತ್ತಿದ್ದೆ. ಹುಡುಗರು ಹೋದ ಮೇಲೆ ಒಂದು ದಿನ, "ಕದ್ದು ಕೇಳೋದು ಯಾಕೆ, ಬಾ ಇಲ್ಲಿ" ಅಂದರು. ಹಳೇ ಬಟ್ಟೆಗೆ ಅರಿಶಿನ ಬಳಿದು ಒಣಗಿಸಿದ್ದರು. ಬೇವಿನ ಕಡ್ಡಿಯನ್ನು ಸುಣ್ಣದ ತಿಳಿಯಲ್ಲಿ ಅದ್ದಿ ಅದರ ಮೇಲೆ ಅ ಬರೆದರು. ಹಳದಿಯಲ್ಲಿ ಅ ಕೆಂಪಾಗಿ ಎದ್ದಿತು. ಹುಣಿಸೆ ನೀರು ಒತ್ತಿದರು, ಮತ್ತೆ ಹಳದಿ. "ಸುಣ್ಣ ಕ್ಷಾರ, ಹುಣಿಸೆ ಆಮ್ಲ. ಒಂದು ಬರೆಯುತ್ತೆ, ಒಂದು ಅಳಿಸುತ್ತೆ. ಇದೇ ನಿನ್ನ ಸ್ಲೇಟು."

ಅವ್ವ ನೋಡಿ, "ಮದ್ವೆ ಆಗಿರೋ ಹುಡುಗಿಗೆ ಅಕ್ಷರ ಯಾಕ್ರಿ ಮೇಷ್ಟ್ರೇ? ಗಂಡನ ಮನೆಗೋಗಿ ಗಂಡಂಗೆ ಕಾಗದ ಬರೀತಾಳಾ?" ಅಂದಳು.

"ಬಾಯಲ್ಲಿ ಬೈಯೋಕಾಗದ್ದನ್ನ ಬರೆದು ಬೈಯಲಿ ಬಿಡಮ್ಮ" ಅಂದರು. ಅವ್ವ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು.

ಹೀಗೆ ಕಲಿತೆ. ಒತ್ತಕ್ಷರ ಅರ್ಧ ಆಗಿದ್ದಾಗ ಮೇಷ್ಟ್ರು ಸತ್ತರು. ಇವತ್ತಿಗೂ ಒತ್ತು ಬಂದ ಕಡೆ ನನ್ನ ಕೈ ತಡೆಯುತ್ತದೆ. ಮುಂದೆ ಯಾರೂ ಕಲಿಸಲಿಲ್ಲ.

ಅದಕ್ಕೆ ಮುಂಚೆ ನಡೆದ ಒಂದು ಪಾಠ ಹೇಳಬೇಕು. ಅಪ್ಪ ಅರಗಿನ ಬಣ್ಣ ಕುದಿಸಿ, ಹುಣಿಸೆ ಹುಳಿ ಬಿಟ್ಟು, ಪಟಿಕದಲ್ಲಿ ನೆನೆದ ರೇಷ್ಮೆ ನೂಲಿನ ಲಡಿ ಇಳಿಬಿಟ್ಟಿದ್ದ. ಮೊದಲು ಕೊಪ್ಪರಿಗೆಯ ನೀರು ರಕ್ತದ ಹಾಗಿತ್ತು. ಲಡಿ ಎತ್ತುವ ಹೊತ್ತಿಗೆ ರೇಷ್ಮೆ ಕೆಂಪು, ನೀರು ಆಗತಾನೆ ಸೇದಿದ ಹಾಗೆ. ಮೇಷ್ಟ್ರಿಗೆ ಹಿಗ್ಗೋ ಹಿಗ್ಗು. "ನೋಡ್ರೋ! ಬಣ್ಣ ಎಲ್ಲಿಗೆ ಹೋಯ್ತು? ರೇಷ್ಮೆ ಒಳಕ್ಕೆ. ನೀರು ತಿಳಿಯಾಯ್ತು ಅಂದ್ರೆ ಕೆಲಸ ಮುಗೀತು ಅಂತ ಅರ್ಥ!" ತನ್ನ ಕೆಲಸವನ್ನು ಓದಿದವರೊಬ್ಬರು ಹುಡುಗರೆದುರು ಹೊಗಳಿದ್ದು ಅಪ್ಪನಿಗೆ ಅದೇ ಮೊದಲು. ಆ ಮಾತನ್ನು ಬೀದಿಯ ಪ್ರತಿ ಜಗಲಿಯ ಮೇಲೂ ಕೂತು ಹೇಳಿದ.

ಆ ಬೇಸಿಗೆ ರಾಂಪುರದ ಕಡೆಯಿಂದ ವಾಂತಿಭೇದಿ ಬಂತು. ಮೊದಲು ಪೇಟೆಯಲ್ಲಿ, ಆಮೇಲೆ ನಮ್ಮ ಹಿಂದಿನ ಬೀದಿಯಲ್ಲಿ. ಬಾಗಿಲಿಗೆ ಬೇವು ಕಟ್ಟಿದರು, ಮಾರಮ್ಮನಿಗೆ ಎಡೆ ಇಟ್ಟರು. ಮೇಷ್ಟ್ರು ಒಂದು ಬೆಳಿಗ್ಗೆ ತಮ್ಮ ಪುಡಿಯ ಸೀಸೆ ತಂದು, ತಳದಲ್ಲಿ ನಾಲ್ಕು ಕಾಳು ಬಿಟ್ಟು ಉಳಿದದ್ದನ್ನೆಲ್ಲ ಬೀದಿಯ ಬಾವಿಗೆ ಹಾಕಿಬಿಟ್ಟರು. ತಮ್ಮ ಗಡಿಗೆಗೂ ಇಟ್ಟುಕೊಳ್ಳಲಿಲ್ಲ. ನೀರು ಬದನೆ ಹೂವಿನ ಬಣ್ಣಕ್ಕೆ ತಿರುಗಿತು. ಎದುರು ಮನೆಯ ತೆಲುಗಿನ ಮುದುಕಿ ಬಗ್ಗಿ ನೋಡಿ, "ಇವೇಂ ನೀಳ್ಳವ್ವಾ! ಕುಡಿಯೋವಾ, ಸೀರೆ ಅದ್ದೋವಾ?" ಅಂದಳು.

"ನಾಳೆ ಬೆಳಿಗ್ಗೆವರೆಗೆ ಯಾರೂ ಸೇದಬೇಡಿ. ಆಗ ನಾನು ನೋಡಿ ಹೇಳ್ತೀನಿ" ಅಂತ ಹೇಳಿ ಶಾಲೆಗೆ ಹೋದರು. ಯಾಕೆ ಅಂತ ಬಿಡಿಸಿ ಹೇಳಲಿಲ್ಲ.

ಮಧ್ಯಾಹ್ನಕ್ಕೇ ಬಣ್ಣ ಹೋಯಿತು. ಅಪ್ಪ ಒಂದು ಬೊಗಸೆ ಎತ್ತಿ ಬಿಸಿಲಿಗೆ ಹಿಡಿದು ನೋಡಿದ. ತಿಳಿ. "ಬಾವಿ ಬಣ್ಣ ಕುಡ್ಕಂಡೈತೆ. ಕೆಲ್ಸ ಮುಗೀತು, ಸೇದ್ಕಳ್ರಿ" ಅಂದ. ಬಣ್ಣದ ವಿಷಯದಲ್ಲಿ ಅಪ್ಪನ ಮಾತು ಮೀರುವವರು ಬೀದಿಯಲ್ಲಿ ಇರಲಿಲ್ಲ. ಬಿಸಿಲಲ್ಲಿ ಬಾಯಾರಿದ ಜನ ಕೊಡ ತಂದರು.

ಸಂಜೆ ಮೇಷ್ಟ್ರು ಬಂದು ಒದ್ದೆ ಹಗ್ಗ ನೋಡಿದರು. "ಯಾರು ಸೇದಿದ್ದು?"

"ನಾನೇ ಹೇಳ್ದೆ. ನೀರು ತಿಳಿ ಆಗೈತಲ್ರೀ" ಅಂದ ಅಪ್ಪ.

"ತಿಳಿಯಾದರೆ ಕುಡಿ ಅಂತ ಯಾರು ಹೇಳಿದ್ದು?"

"ನೀವೇ. ನಮ್ ಹಿತ್ತಲಾಗೆ, ಹುಡುಗ್ರ ಮುಂದೆ. ನೀರು ತಿಳಿ ಆದ್ರೆ ಕೆಲ್ಸ ಮುಗೀತು ಅಂದ್ರಲ್ಲ."

ಮೇಷ್ಟ್ರು, "ಅಯ್ಯೋ, ಅದು ರೇಷ್ಮೆ ಕಣಯ್ಯಾ. ಇಲ್ಲಿ ಪುಡೀನ ಕೊಳೆ ತಿಂದುಹಾಕಿದೆ. ಬಣ್ಣ ಹೋಯ್ತು ಅಂದ್ರೆ ಕೊಳೆ ಇನ್ನೂ ಇದೆ, ಪುಡಿ ಸಾಲಲಿಲ್ಲ ಅಂತ. ಬೆಳಿಗ್ಗೆವರೆಗೂ ಬಣ್ಣ ನಿಂತರೆ ಮಾತ್ರ ನೀರು ಶುದ್ಧ" ಅಂದರು.

"ಅಲ್ಲಿ ಹೋದ್ರೆ ಒಳ್ಳೇದು, ಇಲ್ಲಿ ನಿಂತ್ರೆ ಒಳ್ಳೇದು. ಒಂದ್ ಮಾತಿನ ಮೇಲೆ ನಿಂತ್ಕಳ್ರಿ ಮೇಷ್ಟ್ರೇ!"

ಜನ ನಕ್ಕರು. ಮೇಷ್ಟ್ರಿಗೆ ಸಿಟ್ಟು ಬಂತು, ಪುಸ್ತಕದ ಮಾತು ಬಂತು, ಅಲ್ಲಿಗೆ ಮುಗಿಯಿತು. ಸೀಸೆಯ ತಳದ ಕಾಳುಗಳನ್ನು ಒಂದು ಕೊಡ ನೀರಿಗೆ ಕೊಡವಿ ತೋರಿಸಿದರು. ನೇರಳೆಯಾಯಿತು, ನೋಡುತ್ತಿದ್ದ ಹಾಗೆ ಮಾಸಿತು. "ಎಲ್ಲಿಗೆ ಹೋಯ್ತು? ಕೇಳ್ರೋ, ಎಲ್ಲಿಗೆ ಹೋಯ್ತು ಅಂತ ಕೇಳ್ರೋ!" ಅಂತ ಕೂಗಿದರು. "ಕಾಸಿಯಾದರೂ ಕುಡೀರಿ" ಅಂದರು. ಆ ಬಿಸಿಲಲ್ಲಿ ಬಿಸಿನೀರು ಯಾರು ಕುಡಿಯುತ್ತಾರೆ?

ಅಪ್ಪನನ್ನು ದಡ್ಡ ಅನ್ನಲಾರೆ. ಹುಟ್ಟಿದಾಗಿನಿಂದ ಅವನು ನೋಡಿದ್ದು ಕೊಪ್ಪರಿಗೆಯ ನೀರು. ಮೇಷ್ಟ್ರು ಸುಳ್ಳು ಹೇಳಿದವರಲ್ಲ. ಇಬ್ಬರ ಮಾತೂ ನಿಜವಾಗಿದ್ದರಿಂದಲೇ ಬೀದಿ ಹಾಳಾಯಿತು.

ಚಳ್ಳಕೆರೆ ಆಸ್ಪತ್ರೆಯಲ್ಲಿ ಆ ಪುಡಿ ಸಿಗುತ್ತದೆ ಅಂತ ಮೇಷ್ಟ್ರು ಮಾರನೇ ದಿನ ಹತ್ತಿ ಹೇರಿದ ಗಾಡಿಯೊಂದನ್ನು ಹಿಡಿದು ಹೊರಟರು. ಅವರ ಗಡಿಗೆ ಬರಿದಾಗಿತ್ತು, ತುಟಿ ಒಡೆದಿತ್ತು. ನೋಡಲಾರದೆ ಅವ್ವ ಮಜ್ಜಿಗೆ ತಂದು ಕೊಟ್ಟಳು. ಗಾಡಿಯವನು ಅವಸರ ಮಾಡುತ್ತಿದ್ದ. ಮೇಷ್ಟ್ರು ನಿಂತೇ ಗಟಗಟ ಕುಡಿದರು. ನಮ್ಮ ಮನೆಯಲ್ಲಿ ಅವರು ಕುಡಿದದ್ದು ಅದೊಂದೇ ಸಲ. ಲೋಟ ಕೆಳಗಿಳಿಸಿ ಅದರ ತಳ ನೋಡಿದರು.

"ಬಾಳ ನೀರಾಗಿತ್ತೇನ್ರೀ? ಮೊಸರು ಸ್ವಲ್ಪನೇ ಇತ್ತು" ಅಂದಳು ಅವ್ವ.

"ಯಾವ ನೀರಮ್ಮ?"

"ಬಾವೀದೇ."

ಮೇಷ್ಟ್ರು ಮೀಸೆ ಒರೆಸಿಕೊಂಡು, "ರುಚಿಯಾಗಿತ್ತು" ಅಂದು ಗಾಡಿ ಹತ್ತಿದರು.

ಅವ್ವನಿಗೆ ಅವತ್ತೇ ಶುರುವಾಯಿತು. ಮರುದಿನ ಹೊತ್ತು ಮುಳುಗುವುದರೊಳಗೆ ಮುಗಿಯಿತು. ಎದುರು ಮನೆಯ ಮುದುಕಿ ಹೋದಳು. ಮನೆಗೊಬ್ಬರು, ಕೆಲವು ಮನೆಯಲ್ಲಿ ಎಲ್ಲರೂ. ಉಳಿದವರು ಮಗ್ಗ ಬಿಟ್ಟು, ಪಾತ್ರೆ ಹೊತ್ತು, ಹೊಲದಲ್ಲಿ ಗುಡಿಸಲು ಹಾಕಿಕೊಳ್ಳಲು ಹೋದರು. ಅಪ್ಪ ಮಾತ್ರ ಏಳಲಿಲ್ಲ. ತಣ್ಣಗಾದ ಕೊಪ್ಪರಿಗೆಯ ಪಕ್ಕ ಕೂತಿದ್ದ. ನಾನೂ ಉಳಿದೆ. ನನಗೂ ಅವನಿಗೂ ಯಾಕೆ ಬರಲಿಲ್ಲವೋ, ಅದನ್ನು ಹೇಳುವವರು ಇರಲಿಲ್ಲ.

ಕೆಲವು ದಿನದ ಮೇಲೆ ಗಾಡಿಯವನು ಒಂದು ತುಂಬಿದ ಸೀಸೆಯನ್ನು ಬಟ್ಟೆಯಲ್ಲಿ ಸುತ್ತಿ ತಂದ. ಜಗಲಿ ಹತ್ತಲಿಲ್ಲ, ಬೀದಿಯಲ್ಲೇ ನಿಂತ.

"ಚಳ್ಳಕೆರೆ ಮುಟ್ಟಿ ಇಸ್ಕಂಡ್ರವ್ವಾ. ವಾಪಸ್ ಬರ್ತಾ ದಾರೀಲಿ ತಳಕು ಊರಿನ ತಾವ ಇಳಿಸು ಅಂದ್ರು. ಮತ್ತೆ ಹತ್ಲಿಲ್ಲ. ಅಲ್ಲೇ ಮಣ್ಣು ಮಾಡಿದ್ವಿ."

"ಏನಾದ್ರೂ ಹೇಳಿದ್ರಾ?"

"ನೀರು ಕೇಳಿದ್ರು. ಕೊಟ್ರೆ ಕುಡೀಲಿಲ್ಲ, ಬಗ್ಗಿ ನೋಡಿದ್ರು. ಪೂರಾ ಹಾಕು, ಬೆಳಿಗ್ಗೆ ತನಕ ನೋಡು ಅಂತ ಹುಡುಗಿಗೆ ಹೇಳು ಅಂದ್ರು."

ಪೂರಾ ಹಾಕಿದೆ. ಸೀಸೆಯನ್ನು ಬಾವಿಯ ಮೇಲೆ ಬೋರಲು ಹಿಡಿದು ತಳ ತಟ್ಟಿದೆ. ಬೆರಳು ಒದ್ದೆಯಾಗಿತ್ತು, ಪುಡಿ ಹತ್ತಿತು, ಸಂಜೆಯೊಳಗೆ ಕಂದಾಯಿತು.

ಮರುದಿನ ಬೆಳಿಗ್ಗೆ ಎದ್ದು ಹೋಗಿ ನೋಡಿದೆ. ಬಣ್ಣ ನಿಂತಿತ್ತು. ಬೀದಿಯಲ್ಲಿ ಸೇದುವವರು ಒಬ್ಬರೂ ಇರಲಿಲ್ಲ. ಒಂದು ಕೊಡ ಸೇದಿ ತಂದು ಅಪ್ಪನ ಮುಂದೆ ಒಂದು ಲೋಟ ಇಟ್ಟೆ. ಅವನು ಅದನ್ನು ನೋಡುತ್ತ ಕೂತ. ಉಳಿದ ನೀರಿನಲ್ಲಿ ಅವ್ವನ ಮಜ್ಜಿಗೆ ಗಡಿಗೆ ತೊಳೆದು, ಗೋಡೆಯ ಪಕ್ಕ ಬೋರಲು ಹಾಕಿದೆ.