ವ್ಯಾನಮ್ಮನ ಬಲಗಾಲು

ಆ ಬೀದಿಯಲ್ಲಿ ಅವಳನ್ನು ಹೆಸರು ಹಿಡಿದು ಕರೆಯುವವರೇ ಇರಲಿಲ್ಲ. ಶಾಲೆಯ ಮಕ್ಕಳು ವ್ಯಾನಮ್ಮ ಎಂದರು, ದೊಡ್ಡವರೂ ಅದನ್ನೇ ಹಿಡಿದರು. ಗಂಡ ಬೇಗ ತೀರಿಕೊಂಡಾಗ ಶಾಲೆಯ ವ್ಯಾನಿನ ಸ್ಟಿಯರಿಂಗ್ ಹಿಡಿದವಳು ಅವಳು. ಮಗ ಬೆಳೆದದ್ದೆಲ್ಲ ಹಿಂದಿನ ಸೀಟಿನಲ್ಲೇ. ಒಂದು ಕಾಲಕ್ಕೆ ಕಿಟಕಿಗೆ ಮೂಗೊತ್ತಿ ಕೂತಿದ್ದ ಮಕ್ಕಳು ಈಗ ತಮ್ಮ ಮಕ್ಕಳನ್ನು ಅದೇ ಕಿಟಕಿಯ ಬಳಿ ಕೂರಿಸಿ ಕೈಬೀಸುತ್ತಿದ್ದರು.

ಹೋದ ಚಳಿಗಾಲದಲ್ಲಿ ಎಂಜಿನ್ ಕೈಕೊಟ್ಟಿತು. ಇದರ ಆಯಸ್ಸು ಮುಗೀತು ಎಂದುಬಿಟ್ಟ ಮೆಕ್ಯಾನಿಕ್. ಆಗ ಬಾಯಿಬಿಟ್ಟವಳು ಸೊಸೆ. ಗ್ಯಾರೇಜಿನಲ್ಲಿ ವಾಹನಗಳ ವೈರಿಂಗ್ ಮಾಡುವ ಹುಡುಗಿ, ಮನೆಗೆ ಬಂದು ವರ್ಷವಾಗಿತ್ತಷ್ಟೇ. ಇಬ್ಬರ ನಡುವೆ ಜಗಳವೂ ಇರಲಿಲ್ಲ, ಸಲಿಗೆಯೂ ಇರಲಿಲ್ಲ.

"ಗುಜರಿ ಕಾರಿನ ಒಳ್ಳೇ ಎಂಜಿನ್ ಒಂದಿದೆ ಅತ್ತೆ. ಅದನ್ನ ನಡೆಸೋ ಕಂಪ್ಯೂಟರ್ ಮಾತ್ರ ಸುಟ್ಟುಹೋಗಿದೆ. ಅಂಗಡೀಲಿ ಬೇರೆ ಸಿಗುತ್ತೆ, ತಂದು ನಾನೇ ಹೊಂದಿಸ್ತೀನಿ."

ಎಂಜಿನ್ ಕೂತಿತು. ರಜೆಯ ಬೆಳಗ್ಗೆ ಸೊಸೆ ಹೊಸ ಕಂಪ್ಯೂಟರಿನ ಅಂಗೈಯಗಲದ ಕಪ್ಪು ಡಬ್ಬಿಗೆ ವೈರುಗಳನ್ನು ಸಿಕ್ಕಿಸಿ, ಲ್ಯಾಪ್‌ಟಾಪ್ ತೊಡೆಯ ಮೇಲಿಟ್ಟುಕೊಂಡು ಪಕ್ಕದ ಸೀಟಿನಲ್ಲಿ ಕೂತಳು. ವ್ಯಾನಮ್ಮ ತನ್ನ ಜಾಗದಲ್ಲಿ ಕೂತು ಕೀಗೆ ಕೈಹಾಕಿದಳು.

"ಅಯ್ಯೋ, ಈಗಲೇ ಬೇಡ ಅತ್ತೆ! ಇದಿನ್ನೂ ಹಸುಗೂಸು. ಎಂಜಿನ್ ಎಷ್ಟು ದೊಡ್ಡದು, ಯಾವ ಸಿಲಿಂಡರ್‌ಗೆ ಮೊದಲು ಕಿಡಿ, ಪೆಟ್ರೋಲ್ ಎಷ್ಟು ಚಿಮ್ಮಬೇಕು, ಎಲ್ಲ ನಾವೇ ಹೇಳಿಕೊಡ್ಬೇಕು. ತಪ್ಪು ಹೇಳಿಕೊಟ್ರೆ ಎಂಜಿನ್ನೇ ಹಾಳಾಗುತ್ತೆ."

"ಹಸುಗೂಸಿಗೆ ಇಷ್ಟೊಂದು ಪಾಠವಾ? ಪಾಪ."

ಸೊಸೆ ನಕ್ಕು ಒಂದೊಂದೇ ಅಂಕಿ ತುಂಬಿದಳು. ಆಮೇಲೆ ಆಕ್ಸಿಲರೇಟರ್ ಸರದಿ. ಕಾಲು ತೆಗೆದರೆ ಇಷ್ಟು, ಪೂರ್ತಿ ಒತ್ತಿದರೆ ಇಷ್ಟು ಎಂದು ಡಬ್ಬಿಗೆ ತಿಳಿಸಬೇಕಿತ್ತು.

"ಪೂರ್ತಿ ಒತ್ತಿ ಅತ್ತೆ."

ವ್ಯಾನಮ್ಮ ಒತ್ತಿದಳು. ಸೊಸೆಯ ಹುಬ್ಬು ಗಂಟಾಯಿತು. ಲ್ಯಾಪ್‌ಟಾಪಿನಲ್ಲಿ ಬರಬೇಕಾದ ಅಂಕಿಯ ಅರ್ಧವೂ ಬಂದಿರಲಿಲ್ಲ. ಇಳಿದು ಸೆನ್ಸರ್ ವೈರು ಬಿಚ್ಚಿ ಮತ್ತೆ ಹಾಕಿದಳು, ಕೇಬಲ್ ಬಿಗಿ ಮಾಡಿದಳು. ಮತ್ತೆ ಅಷ್ಟೇ. ಕೊನೆಗೆ ಬಾಗಿಲ ಬಳಿ ಮೊಣಕಾಲೂರಿ ಪೆಡಲನ್ನೇ ನೋಡಿದಳು. ಅತ್ತೆಯ ಚಪ್ಪಲಿ ಅರ್ಧದಾರಿಯಲ್ಲೇ ನಿಂತಿತ್ತು.

"ಇನ್ನೂ ಜಾಗ ಇದೆಯಲ್ಲ ಅತ್ತೆ?"

"ಇದಕ್ಕಿಂತ ಕೆಳಗೆ ನನ್ನ ಕಾಲು ಹೋಗಿದ್ದೇ ಇಲ್ಲ ಕಣೇ. ಹಿಂದೆ ಮಕ್ಕಳು ಕೂತಿರ್ತಿದ್ವಲ್ಲ."

ಸೊಸೆ ಅತ್ತೆಯ ಪಾದದ ಮೇಲೆ ಮೆಲ್ಲಗೆ ಕೈಯಿಟ್ಟಳು. "ಈಗ ಹಿಂದೆ ಯಾರೂ ಇಲ್ಲ. ಗಾಡಿ ಕದಲೋದೂ ಇಲ್ಲ. ಒತ್ತಿ."

ವ್ಯಾನಮ್ಮ ಒಮ್ಮೆ ತಿರುಗಿ ಖಾಲಿ ಸೀಟುಗಳನ್ನು ನೋಡಿದಳು. ಕಣ್ಣು ಮುಚ್ಚಿ, ಜೀವ ಬಿಗಿಹಿಡಿದು ಒತ್ತಿದಳು. ಪೆಡಲ್ ನೆಲ ಮುಟ್ಟಿತು.

"ಬಂತು!"

ಮುಂದಿನದು ಪೆಟ್ರೋಲ್ ನಿಲ್ಲಿಸಿ ಎಂಜಿನ್ ಬರೀ ತಿರುಗಿಸುವ ಕೆಲಸ. ಅತ್ತೆ ಕೀ ತಿರುಗಿಸಿದಳು, ಸೊಸೆ ಮಿನುಗುವ ದೀಪ ಹಿಡಿದು ಎಂಜಿನ್ನಿನ ಮುಂಭಾಗದಲ್ಲಿ ತಿರುಗುವ ಪುಲ್ಲಿಯ ಮೇಲಿನ ಗುರುತು ನೋಡಿದಳು. ಕಿಡಿ ಹೊತ್ತುವ ಹೊತ್ತು ಒಂಚೂರು ಹಿಂದಿತ್ತು. ಸರಿಮಾಡಿದಳು. ಆಯಿಲ್ ಒತ್ತಡ ಏರಿದ್ದನ್ನೂ ನೋಡಿಕೊಂಡು, "ಈಗ ನಿಜವಾಗ್ಲೂ ಸ್ಟಾರ್ಟ್ ಮಾಡಿ," ಎಂದಳು.

ಎಂಜಿನ್ ಒಂದು ಸಲ ಕೆಮ್ಮಿತು. ಎರಡನೇ ಸಲಕ್ಕೆ ಹಿಡಿದುಕೊಂಡು ಗುಂಯ್ ಎಂದು ಹದವಾಗಿ ನಿಂತಿತು.

ಸೊಸೆ ಅತ್ತೆಯ ಮುಖ ನೋಡಿದಳು. ಅಲ್ಲಿ ನಗು ಇರಲಿಲ್ಲ, ಕಣ್ಣು ತುಂಬಿತ್ತು.

"ಏನಾಯ್ತು ಅತ್ತೆ? ಸರಿಯಾಗಿಲ್ವಾ?"

"ಚೆನ್ನಾಗೇ ಇದೆ. ಆದ್ರೆ ಇದು ನನ್ನ ವ್ಯಾನಿನ ದನಿಯಲ್ಲ. ಅದು ಗೊರಗೊರ ಅಂತಿತ್ತು."

ಇಷ್ಟು ದಿನ ಬೆವರು ಸುರಿಸಿದ ಹುಡುಗಿಯ ಮುಖ ಬಾಡಿತು. ವ್ಯಾನಮ್ಮ ಗ್ರೀಸು ಮೆತ್ತಿದ ಆ ಕೈಯನ್ನು ಹಿಡಿದುಕೊಂಡಳು.

"ನೀನು ಬಂದಾಗ್ಲೂ ಮನೆ ಸದ್ದೇ ಬದಲಾಗಿತ್ತು. ಪಾತ್ರೆ ಇಡೋದು, ಬಾಗಿಲು ಹಾಕೋದು, ಎಲ್ಲ ಬೇರೆ ಥರ. ನನಗೆ ನಿದ್ದೇನೇ ಬರ್ತಿರಲಿಲ್ಲ. ಈಗ ನೀನು ತೌರಿಗೆ ಹೋದ್ರೆ ನಿದ್ದೆ ಬರಲ್ಲ. ಇದೂ ರೂಢಿಯಾಗುತ್ತೆ ಬಿಡು."

ಮಾರನೇ ವಾರ ವ್ಯಾನು ಶಾಲೆಯ ದಾರಿ ಹಿಡಿಯಿತು. ಮೊದಮೊದಲು ಮಕ್ಕಳು ತಡವಾಗಿ ಹೊರಬರುತ್ತಿದ್ದರು. ವ್ಯಾನು ಬಂದದ್ದೇ ಕೇಳಿಸಲಿಲ್ಲವಂತೆ. ವ್ಯಾನಮ್ಮ ಒಂದೊಂದು ಬಾಗಿಲಲ್ಲೂ ಹಾರನ್ ಹೊಡೆದು, ಕಿಟಕಿಯಿಂದ ತಲೆ ಹೊರಹಾಕಿ ಹೇಳುತ್ತಿದ್ದಳು: "ತಪ್ಪು ನಂದಲ್ಲಪ್ಪ, ಎಲ್ಲಾ ನನ್ನ ಸೊಸೆ ಮಾಡಿದ್ದು!"