ಹುಲಿ ಹಾದಿಯಲ್ಲಿ ಅನ್ನದ ಘಮ

ಮೊದಲೇ ಹೇಳಿಬಿಡುತ್ತೇನೆ, ದೆವ್ವ, ಶಕುನ, ಮುನ್ಸೂಚನೆ ಇಂಥವನ್ನು ನಂಬುವವನಲ್ಲ ನಾನು. ಯಾರಾದರೂ ಇಂಥ ಕಥೆ ಶುರು ಮಾಡಿದರೆ, "ಆಮೇಲೆ ನಿದ್ದೆಯಿಂದ ಎಚ್ಚರ ಆಯ್ತೇನು?" ಎಂದು ಕೇಳಿ ಅವರ ಬಾಯಿ ಮುಚ್ಚಿಸುತ್ತಿದ್ದೆ. ಓದಿದ್ದು ಕೆಮಿಸ್ಟ್ರಿ, ದುಡಿದದ್ದು ಅಹಮದಾಬಾದಿನ ವಟ್ವಾ ಬಡಾವಣೆಯ ಒಂದು ಬಣ್ಣದ ಕಾರ್ಖಾನೆಯಲ್ಲಿ. ಈಗ ನಾನೇ ಇದನ್ನು ಬರೆಯಲು ಕೂತಿರುವಾಗ ನಗುವ ಸರದಿ ನಿಮ್ಮದು. ನಗಿ, ಬೇಡ ಎನ್ನುವುದಿಲ್ಲ, ಆದರೆ ಕೊನೆಯವರೆಗೆ ಓದಿ.

ಇದಕ್ಕೆ ನನ್ನ ಮೂಗಿನ ವಿಷಯ ಗೊತ್ತಿರಬೇಕು. ಬೆಳಗಾವಿ ಕಡೆಯಿಂದ ಅಹಮದಾಬಾದಿಗೆ ಬಂದಾಗ ನನ್ನ ಮೂಗು ಚೆನ್ನಾಗಿಯೇ ಇತ್ತು. ನಮ್ಮ ಕಾರ್ಖಾನೆಯಲ್ಲಿ ಹಳಬರಿಗೊಂದು ರೂಢಿ. ಡ್ರಮ್ಮಿನ ಮುಚ್ಚಳ ಸರಿಸಿ, ಬಗ್ಗಿ ಮೂಸಿ ನೋಡಿ, "ಆಯ್ತು" ಅಥವಾ "ಇನ್ನೂ ಆಗಬೇಕು" ಎಂದು ಹೇಳಿಬಿಡುವುದು. ಲ್ಯಾಬಿನಿಂದ ವರದಿ ಬರುವ ಮೊದಲೇ ಮೂಗು ತೀರ್ಪು ಕೊಡಬೇಕು, ಅದೇ ನಮ್ಮ ದೊಡ್ಡಸ್ತಿಕೆ. ಹಾಗೆ ಮೂಸಿ ಮೂಸಿ ನನ್ನ ಮೂಗು ಸತ್ತೇ ಹೋಯಿತು. ವಾಸನೆಯ ನರ ಹಾಳಾಗಿದೆ, ಇನ್ನು ಮರಳಿ ಬರುವುದಿಲ್ಲ ಎಂದರು ಡಾಕ್ಟರು. ಅಲ್ಲಿಂದ ಮುಂದೆ ಮಣಿನಗರದ ನಮ್ಮ ಮನೆಯಲ್ಲಿ ಹಾಲು ಕೆಟ್ಟರೂ ಗ್ಯಾಸು ಸೋರಿದರೂ ನನ್ನ ಹೆಂಡತಿ ಗಿರಿಜಾಳೇ ಹೇಳಬೇಕಾಯಿತು.

ಊರಿಗೆ ಹೋದಾಗಲೆಲ್ಲ ಅವಳು ಬೆಳಗಾವಿಯ ಬಾಸುಮತಿ ಅಕ್ಕಿ ಹೊತ್ತು ತರುತ್ತಿದ್ದಳು. ಅನ್ನ ಬೆಂದ ಮೇಲೆ ನನ್ನನ್ನು ಅಡುಗೆಮನೆಗೆ ಕರೆದು, ಮುಖದ ಹತ್ತಿರವೇ ಮುಚ್ಚಳ ತೆಗೆದು ಕೇಳುತ್ತಿದ್ದಳು, "ಬಂತೇನ್ರಿ ವಾಸನಿ?"

"ಇಲ್ಲ."

"ಇರ್ಲಿ ಬಿಡ್ರಿ, ಇನ್ನೊಮ್ಮೆ ಬಂದೀತು."

ಡಾಕ್ಟರು ಹೇಳಿದ್ದು ಕೇಳಿಲ್ಲವೇ ಎಂದು ನಾನು ಸಿಡುಕಿದರೆ, "ಅವ್ರೇನು ನಮ್ಮ ಅಕ್ಕಿ ಉಂಡಾರೇನ್ರಿ?" ಎಂದು ಬಾಯಿ ಮುಚ್ಚಿಸುತ್ತಿದ್ದಳು. ನಾನು ಎಂದೋ ಕೈಬಿಟ್ಟ ಮೂಗನ್ನು ಅವಳು ಕೈಬಿಟ್ಟಿರಲಿಲ್ಲ.

ಅವಳಿಗೆ ಹುಲಿಯ ಹುಚ್ಚು ಹೇಗೆ ಹಿಡಿಯಿತೋ ಕಾಣೆ. ಗುಜರಾತಿನಲ್ಲಿರುವವರು ಸಿಂಹ ನೋಡಿ ತೃಪ್ತರಾಗುತ್ತಾರೆ. ನಾವೂ ಗಿರ್‌ಗೆ ಹೋಗಿ ಕಣ್ತುಂಬ ನೋಡಿ ಬಂದಿದ್ದೆವು. "ಸಿಂಹ ನಿಮ್ಮಂಗ ಐತ್ರಿ, ಊಟ ಮಾಡೂದು ಬಿದ್ಕೊಳ್ಳೂದು. ನನಗ ಹುಲಿ ನೋಡ್ಬೇಕು" ಎಂದಳು. ಸರಿ, ರಾಜಸ್ಥಾನ, ಮಧ್ಯಪ್ರದೇಶ ಎಂದು ರಜೆ ಸಿಕ್ಕಾಗಲೆಲ್ಲ ರೈಲು ಹತ್ತಿದೆವು. ತೆರೆದ ಜಿಪ್ಸಿಯಲ್ಲಿ ಕೂತು ಧೂಳು ಕುಡಿದೆವು. ಹೆಜ್ಜೆಗುರುತು ಕಂಡಿತು, ಮರಕ್ಕೆ ಉಜ್ಜಿದ ಉಗುರಿನ ಗೀರು ಕಂಡಿತು, ಹುಲಿ ಮಾತ್ರ ಕಾಣಲಿಲ್ಲ. ನಮ್ಮ ಹಿಂದಿನ ಜಿಪ್ಸಿಯವರಿಗೆ ಕಾಣುತ್ತಿತ್ತು, ಮುಂದಿನವರಿಗೆ ಕಾಣುತ್ತಿತ್ತು.

ಅಷ್ಟರಲ್ಲಿ ಅವಳ ಹೃದಯದ ಕವಾಟ ಕೆಟ್ಟಿದೆ, ಆಪರೇಷನ್ ಆಗಬೇಕು ಎಂದು ಗೊತ್ತಾಯಿತು. ಅವಳು ಕೇಳಿದ್ದು ಒಂದೇ. "ಎದಿ ಕೊಯ್ಯೂಕಿಂತ ಮೊದಲ ಒಮ್ಮೆ ಹುಲಿ ತೋರಸ್ರಿ." ವಡೋದರಾದಲ್ಲಿ ಕೆಲಸ ಮಾಡುವ ಮಗಳು ಫೋನಿನಲ್ಲೇ ಜಗಳ ತೆಗೆದಳು. ಡಾಕ್ಟರು ಮಾತ್ರ, ದಣಿವಾಗದಂತೆ ಹೋಗಿಬನ್ನಿ ಎಂದರು. ಹೊರಟೆವು. ಈ ಸಲವೂ ಹುಲಿ ಕಾಣದಿದ್ದರೆ ಅವಳನ್ನು ಯಾವ ಮುಖ ಹೊತ್ತು ಆಸ್ಪತ್ರೆಗೆ ಕರೆದೊಯ್ಯಲಿ ಎನ್ನುವುದೊಂದೇ ನನ್ನ ಚಿಂತೆ.

ರಾಜಸ್ಥಾನದ ಆ ಕಾಡಿನಲ್ಲಿ ನಮ್ಮ ಕೊನೆಯ ಸಫಾರಿ, ಚಳಿಗಾಲದ ಒಂದು ಮಧ್ಯಾಹ್ನ. ಹಿಂದಿನ ಸೀಟಿನಲ್ಲಿ ಸೂರತ್ತಿನ ಒಬ್ಬ ಸೀರೆ ವ್ಯಾಪಾರಿ, ಕೊರಳಲ್ಲಿ ಮಗುವಿನಷ್ಟು ಭಾರದ ಕ್ಯಾಮೆರಾ, ಪಕ್ಕದಲ್ಲಿ ಥೇಪ್ಲಾ ರೊಟ್ಟಿಯ ಡಬ್ಬಿ ಹಿಡಿದ ಅವನ ಹೆಂಡತಿ. ಗೈಡು ಎಂದಿನಂತೆ ನಿಯಮ ಒಪ್ಪಿಸಿದ. ಹುಲಿ ಬಂದರೆ ಏಳಬಾರದು, ಮಾತಾಡಬಾರದು, ಕೈ ಹೊರಗೆ ಹಾಕಬಾರದು. ಗಿರಿಜಾ ಶಾಲೆಯ ಹುಡುಗಿಯಂತೆ ಕೈಗಳನ್ನು ಮಡಿಲಲ್ಲಿಟ್ಟು ಕೂತಳು.

ಸುತ್ತಾಡಿದ್ದೇ ಬಂತು. ಬಿಸಿಲು ಇಳಿಯುತ್ತಿತ್ತು, ಸೂರ್ಯ ಮುಳುಗುವುದರೊಳಗೆ ಗೇಟು ದಾಟಬೇಕು. ಡ್ರೈವರ್ ಗಾಡಿ ತಿರುಗಿಸಿದ. ಒಣಗಿದ ಹುಲ್ಲಿನ ಬಯಲಿನ ಪಕ್ಕ ಹೋಗುತ್ತಿರುವಾಗ ನನ್ನ ಮೂಗಿಗೆ ವಾಸನೆ ಬಂತು. ಬಿಸಿ ಅನ್ನದ ವಾಸನೆ. ನಮ್ಮ ಬಾಸುಮತಿ, ಆಗಷ್ಟೇ ಮುಚ್ಚಳ ತೆಗೆದಂತೆ. ಎಷ್ಟೋ ವರ್ಷ ಏನನ್ನೂ ಅರಿಯದ ಮೂಗಿಗೆ ಅದು ಒಮ್ಮೆಲೇ ನುಗ್ಗಿದಾಗ ನನಗೆ ಸಂತೋಷವಾಗಲಿಲ್ಲ, ಭಯವಾಯಿತು. ಗಾಡಿ ನಿಲ್ಲಿಸು ಎಂದು ಕೂಗಿದೆ.

"ಗಿರಿಜಾ, ಅನ್ನದ ವಾಸನಿ ಬರಾಕತ್ತೈತಿ" ಎಂದೆ. ಅವಳು ನನ್ನ ಮುಖ ನೋಡಿದಳು, ಮೂಸಿ ನೋಡಿದಳು, ತನಗೆ ಬರುತ್ತಿಲ್ಲ ಎಂದು ತಲೆಯಾಡಿಸಿದಳು. ಗೈಡಿಗೂ ಬರಲಿಲ್ಲ. ಹುಲಿ ತನ್ನ ಗಡಿ ಗುರುತಿಸಲು ಮರಕ್ಕೆ ಸಿಂಪಡಿಸಿದ ಮೂತ್ರ ಹಾಗೇ ಬಾಸುಮತಿಯಂತೆ ಘಮ್ಮೆನ್ನುತ್ತದೆ ಎಂದು ಹೇಳಿ ಹತ್ತಿರದ ಮರಗಳ ಕಡೆ ಮೂಗು ಚಾಚಿ ನೋಡಿದ. ಏನೂ ಇಲ್ಲ. "ಕಂಈ ನಥಿ, ಕಾಕಾ" ಎಂದು ವ್ಯಾಪಾರಿಯೂ ತನ್ನ ಗುಜರಾತಿಯಲ್ಲಿ ಅದನ್ನೇ ಹೇಳಿದ. ಎದುರಿಗೇ ಜಿಂಕೆಗಳು ತಲೆ ಬಗ್ಗಿಸಿ ಮೇಯುತ್ತಿದ್ದವು. ಹುಲಿ ಸುತ್ತಮುತ್ತ ಇದ್ದರೆ ಜಿಂಕೆ ಹಾಗೆ ಮೇಯುವುದಿಲ್ಲ. ಹುಲಿ ಕಂಡರೆ ಎಚ್ಚರಿಸುವ ಮಂಗಗಳೂ ಕೂಗಲಿಲ್ಲ.

ಆಗ ಗಿರಿಜಾ ನನ್ನ ಮೊಣಕೈ ಹಿಡಿದಳು. ಬಿಗಿಯಾಗಿ ಹಿಡಿದು ಹಾಗೇ ಇದ್ದಳು. ಅವಳು ನೋಡುತ್ತಿದ್ದ ಕಡೆ ನಾನೂ ನೋಡಿದೆ, ಹುಲ್ಲು, ದಾರಿ, ಧೂಳು ಅಷ್ಟೇ. ಅವಳ ಮುಖ ನಿಧಾನವಾಗಿ ಬಲದಿಂದ ಎಡಕ್ಕೆ ತಿರುಗಿತು. ಅನ್ನದ ವಾಸನೆ ಉಸಿರುಗಟ್ಟುವಷ್ಟು ಹೆಚ್ಚಾಯಿತು, ಆಮೇಲೆ ಯಾರೋ ಮುಚ್ಚಳ ಹಾಕಿದಂತೆ ನಿಂತಿತು. ಅವಳು ಕೈ ಬಿಟ್ಟಳು. ಕಣ್ಣಲ್ಲಿ ನೀರಿತ್ತು, ನಗುತ್ತಿದ್ದಳು.

"ಎಷ್ಟ್ ಹತ್ತಿರ ಬಂದಿತ್ತಲ್ರಿ" ಎಂದಳು.

ಹಿಂದೆ ಕೂತವರು ಮುಖ ಮುಖ ನೋಡಿಕೊಂಡರು. ಗೈಡು ಹೊತ್ತಾಯಿತು ಎಂದು ಡ್ರೈವರಿಗೆ ಸನ್ನೆ ಮಾಡಿದ. ಕೋಣೆಗೆ ಬಂದ ಮೇಲೆ ಗಿರಿಜಾ ಬಿಡಿಸಿ ಹೇಳಿದಳು. ಹುಲಿ ಹುಲ್ಲಿನಿಂದ ಎದ್ದು ಬಂತಂತೆ, ಅವಸರವೇ ಇರಲಿಲ್ಲವಂತೆ, ಗಾಡಿಯ ಪಕ್ಕದಲ್ಲೇ ನಡೆದುಹೋಯಿತಂತೆ. "ಹೋಗೂಮುಂದ ನನ್ನ ಸೆರಗು ಮೂಸಿ ನೋಡ್ತ್ರಿ" ಎಂದಳು, ಯಾರೋ ದೊಡ್ಡವರು ಕ್ಷೇಮ ವಿಚಾರಿಸಿ ಹೋದಷ್ಟು ಹಿಗ್ಗಿನಿಂದ. ನನಗೆ ಡ್ರಮ್ಮಿನ ಮುಚ್ಚಳ ಸರಿಸಿ, ಮೂಸಿ, "ಆಯ್ತು" ಎನ್ನುವ ನಮ್ಮ ರೂಢಿ ನೆನಪಾಯಿತು. ಅವಳಿಗೆ ಹೇಳಲಿಲ್ಲ.

ಸೂರತ್ತಿನ ವ್ಯಾಪಾರಿ ಮರುವಾರ ಒಂದು ಫೋಟೊ ಕಳಿಸಿದ. ನಾನು ಗಾಡಿ ನಿಲ್ಲಿಸಿದ್ದಕ್ಕೆ ಸುಮ್ಮನೆ ಕ್ಯಾಮೆರಾ ಒತ್ತಿದ್ದಂತೆ. ಫೋಟೊದಲ್ಲಿ ಹುಲಿಯಿಲ್ಲ. ಖಾಲಿ ದಾರಿಯಿದೆ, ಅಂಚಿನಲ್ಲಿ ಗಿರಿಜಾಳ ಮುಖವಿದೆ. ಅವಳು ನೋಡುತ್ತಿರುವುದು ದೂರವನ್ನಲ್ಲ. ಕೈಯಳತೆಯಲ್ಲಿ ನಿಂತವರನ್ನು ನೋಡುವಾಗ ಕಣ್ಣು ಹೇಗೆ ಕೆಳಗಿಳಿಯುತ್ತದೋ ಹಾಗೆ ಇಳಿದಿದೆ.

ಆಪರೇಷನ್ ದಿನ ಸ್ಟ್ರೆಚರಿನ ಮೇಲೆ ಮಲಗಿಯೂ ಅವಳು ನರ್ಸಿಗೆ ತನ್ನ ಮುರುಕು ಗುಜರಾತಿಯಲ್ಲಿ ಹುಲಿಯ ಕಥೆ ಹೇಳುತ್ತಿದ್ದಳು. ಬಾಗಿಲು ಮುಚ್ಚಿತು. ನಾನೂ ಮಗಳೂ ಹೊರಗೆ ಬೆಂಚಿನ ಮೇಲೆ ಕೂತೆವು. ನಡುವೆ ಒಮ್ಮೆ ಬಿಸಿ ಅನ್ನದ ವಾಸನೆ ಕಾರಿಡಾರಿನ ಉದ್ದಕ್ಕೂ ನಿಧಾನವಾಗಿ ಹಾದುಹೋಯಿತು. ಮಗಳನ್ನು ಕೇಳಿದೆ, ಬರೀ ಫಿನಾಯಿಲ್ ವಾಸನೆ ಎಂದಳು. ಡಾಕ್ಟರು ಹೊರಬಂದು ಹೇಳುವ ಮೊದಲೇ ನನಗೆ ಗೊತ್ತಾಗಿತ್ತು.

ಮಗಳು ಈಗ ಶನಿವಾರ ಶನಿವಾರ ವಡೋದರಾದಿಂದ ಬಂದು ಹೋಗುತ್ತಾಳೆ. "ಪಪ್ಪಾ, ಅದು ಬ್ರೇನ್ ಮಾಡೋ ಆಟ. ನೀವು ಮಮ್ಮಿ ಇಬ್ಬರೂ ಟೆನ್ಶನ್‌ನಲ್ಲಿ ಇದ್ರಿ" ಎನ್ನುತ್ತಾಳೆ. ಇರಬಹುದು. ಹುಲಿಯ ಗುರುತಿನಲ್ಲೂ ಬಾಸುಮತಿಯಲ್ಲೂ ಘಮ ಕೊಡುವ ವಸ್ತು ಒಂದೇ ಎಂದು ನಾನೂ ಓದಿ ತಿಳಿದುಕೊಂಡೆ. ಕೆಮಿಸ್ಟ್ರಿ ಅಲ್ಲಿಯವರೆಗೆ ಬರುತ್ತದೆ. ಸತ್ತ ಮೂಗಿಗೆ ಅದು ತಿಳಿದದ್ದು ಹೇಗೆ, ನನಗೆ ಕಾಣದ್ದು ಅವಳಿಗೆ ಕಂಡದ್ದು ಹೇಗೆ ಎನ್ನುವಲ್ಲಿಗೆ ಬರುವುದಿಲ್ಲ.

ಊರಿನ ಅಕ್ಕಿ ಮುಗಿದು ಬಹಳ ದಿನವಾಯಿತು, ನಾನು ಮತ್ತೆ ತರಿಸಿಲ್ಲ. ಆದರೂ ಕೆಲವು ಸಂಜೆ, ದೀಪ ಹಾಕುವ ಮುಂಚೆ, ಮಣಿನಗರದ ಈ ಮನೆಯಲ್ಲಿ ಆ ಘಮ ಬರುತ್ತದೆ. ಅಡುಗೆಮನೆಯಿಂದ ಹೊರಟು ನನ್ನ ಕುರ್ಚಿಯ ಹತ್ತಿರ ಬಂದು ನಿಲ್ಲುತ್ತದೆ. ನಾನು ಏಳುವುದಿಲ್ಲ, ಕೈಗಳನ್ನು ಮಡಿಲಲ್ಲೇ ಇಟ್ಟುಕೊಳ್ಳುತ್ತೇನೆ. ಬಂದದ್ದು ಹುಲಿಯೋ ಅವಳೋ ಗೊತ್ತಾಗುವುದಿಲ್ಲ. ಅವಳಾಗಿದ್ದರೆ "ಬಂತೇನ್ರಿ ವಾಸನಿ?" ಎಂದು ಕೇಳಬೇಕಿತ್ತು, ಯಾರೂ ಕೇಳುವುದಿಲ್ಲ. ಮಾತಾಡಬಾರದು ಎಂದು ಗೊತ್ತಿದ್ದರೂ, ಅದು ಹೋಗಿಬಿಡುವ ಮುಂಚೆ ನಾನೇ ಸಣ್ಣ ದನಿಯಲ್ಲಿ ಹೇಳುತ್ತೇನೆ, "ಬಂತು, ಗಿರಿಜಾ."